ಗುಲಗಂಜಿಯೂ ಪ್ರತಿಕಾಯವೂ

ಬೆಂಗಳೂರಿನ ದಂಡು ಪ್ರದೇಶದಲ್ಲಿ ಕಸುಬಿನ ಹೆಸರನ್ನು ಹೊತ್ತಿರುವ ಎರಡು ಬೀದಿಗಳುಂಟು. ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟಿಗೆ ಸೇರಿಕೊಂಡಿರುವ ಜ್ಯುವೆಲರ್ಸ್ ಸ್ಟ್ರೀಟು ಚಿನ್ನಬೆಳ್ಳಿಯ ವ್ಯಾಪಾರಿಗಳದು. ಫ್ರೇಸರ್ ಟೌನಿನ ಮಗ್ಗುಲಲ್ಲಿ ಹಾಯ್ದುಹೋಗುವ ಟ್ಯಾನರಿ ರಸ್ತೆಯು ಚರ್ಮ ಹದಮಾಡುವವರ ನೆನಪನ್ನು ಉಳಿಸಿಕೊಂಡಿರುವುದು. ಈ ಎರಡು ಕಸುಬುಗಳ ಪೂರ್ವಚರಿತ್ರೆಯಲ್ಲಿಯೂ ನಮ್ಮ ಬೇಲಿಯ ಒಂದು ಬಳ್ಳಿಯ ಬೀಜವು ಸೇರಿಕೊಂಡಿದೆ. ಅದು ಗುಲಗಂಜಿ. ಚಿನ್ನದ ಕಸುಬಿನಲ್ಲಿ ಅದು ತೂಕದ ಅಳತೆಯಾಗಿದ್ದಿತು. ಚರ್ಮದ ಕಸುಬಿನವರಿಗೆ, ದಂಡಿನಲ್ಲಲ್ಲ, ಉತ್ತರ ಹಿಂದೂಸ್ಥಾನದಲ್ಲಿ, ಅದು ಒಂದು ದೊಡ್ಡ ಅಪವಾದಕ್ಕೆ ಕಾರಣವಾಯಿತು. ಇದೇ ಬೀಜದ ವಿಷವನ್ನು ಪರಿಶೀಲಿಸುತ್ತಿದ್ದಾಗ, ೧೮೯೧ರಲ್ಲಿ, ವೈದ್ಯಶಾಸ್ತ್ರದ ಅತಿ ಮುಖ್ಯವಾದ ಪದಗಳಲ್ಲೊಂದು ಬರ್ಲಿನ್ ನಗರದಲ್ಲಿ ಹುಟ್ಟಿತು. ಆ ಪದದ ಕನ್ನಡರೂಪವೇ ನಮ್ಮ ಪಾಠಪುಸ್ತಕಗಳಲ್ಲಿ ಬರುವ ‘ಪ್ರತಿಕಾಯ’.

ಪ್ರತಿಕಾಯವೆಂದರೆ ರೋಗದಿಂದ ಕಾಪಾಡುವ ವಸ್ತುವೆಂಬುದು ಸಾಮಾನ್ಯವಾದ ತಿಳಿವಳಿಕೆ. ಅದು ಸುಳ್ಳಲ್ಲ. ಆದರೆ ಆ ಪದವು ಮೊದಲು ಬಳಕೆಗೆ ಬಂದ ಸಂದರ್ಭವನ್ನು ನೋಡಿದರೆ, ಪ್ರತಿಕಾಯವು ರಕ್ಷಕನಾಗಿ ಮಾತ್ರವಲ್ಲದೆ, ಒಂದನ್ನು ಮತ್ತೊಂದರಿಂದ ಬೇರ್ಪಡಿಸಿ ಹೇಳುವ ಸಾಕ್ಷಿಯಾಗಿಯೂ ಶಾಸ್ತ್ರದೊಳಕ್ಕೆ ಪ್ರವೇಶಿಸಿತೆಂಬುದು ಸ್ಪಷ್ಟವಾಗುತ್ತದೆ. ಈ ಎರಡನೆಯ ಗುಣದ ಚರಿತ್ರೆಯನ್ನು, ಗುಲಗಂಜಿಯ ದಾರಿಯನ್ನೇ ಹಿಡಿದು, ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ತೂಕದ ವಿಚಾರ. ಗುಂಜೆ, ಕೃಷ್ಣಲ, ರತ್ತಿ ಎಂಬ ಹೆಸರುಗಳಿಂದ ಈ ಬೀಜವು ಬಹು ಪುರಾತನಕಾಲದಿಂದ ಚಿನ್ನದ ಮಾನವಾಗಿದೆ. ಐದು ಗುಂಜೆಗಳಿಗೆ ಒಂದು ಸುವರ್ಣಮಾಷವೆಂದೂ ಅಂಥ ಹದಿನಾರಕ್ಕೆ ಒಂದು ಸುವರ್ಣವೆಂದೂ ಕೌಟಿಲ್ಯನ ಅರ್ಥಶಾಸ್ತ್ರವು ಲೆಕ್ಕಹಾಕುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಚಿನ್ನದ ಪರಿಭಾಷೆಯನ್ನು ಹೇಳುವಾಗ ಐದು ಗುಂಜೆಗಳಿಗೆ ಒಂದು ಪಣವೆಂದು ಎಣಿಸಿರುವನು. ಆಂಗ್ಲರ ಆಳಿಕೆಯಲ್ಲಿ ೧೮೩೫ರಿಂದ ಚಲಾವಣೆಗೆ ಬಂದ ಬೆಳ್ಳಿಯ ರೂಪಾಯಿಯು ೧೮೦ ಗ್ರೇನು ತೂಗುತ್ತಿದ್ದಿತು. ಅದೇ ಒಂದು ತೊಲ. ತೊಲಕ್ಕೆ ೯೬ ರತ್ತಿಯಾದುದರಿಂದ ಒಂದು ರತ್ತಿಯು ಸುಮಾರು ೦.೧೨ ಗ್ರಾಮಿಗೆ ಸಮನಾಗುತ್ತದೆ. ಹೀಗೆ ೧೮೮೧ರಿಂದ ೧೯೪೭ರವರೆಗೆ ಮೈಸೂರು ಸಂಸ್ಥಾನದಿಂದ ಪ್ರತ್ಯೇಕವಾಗಿ ಆಂಗ್ಲರ ಅಧೀನದಲ್ಲಿದ್ದ ದಂಡಿನಲ್ಲಿ ಚಲಿಸಿದ ರೂಪಾಯಿಯ ತೂಕವನ್ನೂ ಬೇಲಿಯ ಗುಲಗಂಜಿಯಿಂದಲೇ ಹೇಳಬಹುದಾಗಿದ್ದಿತು.

ಗುಲಗಂಜಿಗಳೆಲ್ಲವೂ ಒಂದೇ ತೂಕದವು ಎಂಬ ನಂಬಿಕೆಯು ಮಾತ್ರ ಪೂರ್ತಿ ನಿಜವಲ್ಲ. ಬಳ್ಳಿಯಿಂದ ಬಳ್ಳಿಗೆ, ಕಾಯಿಯಿಂದ ಕಾಯಿಗೆ ಬೀಜದ ತೂಕವು ಏರುಪೇರಾಗುವುದು. ಆದುದರಿಂದ ಸರಿಯಾದ ಬೀಜವನ್ನು ಆರಿಸಿಕೊಳ್ಳುವ ಕಣ್ಣು ಅಕ್ಕಸಾಲಿಗನಿಗೆ ಬೇಕಾಗಿದ್ದಿತು. ನೋಟಕ್ಕೆ ಒಂದೇ ಆಗಿರುವವುಗಳಲ್ಲಿ ಭೇದವನ್ನು ಗುರುತಿಸುವ ಈ ವಿದ್ಯೆಯೇ ಮುಂದೆ ಬೇರೊಂದು ರೂಪದಲ್ಲಿ ನಮ್ಮ ಕಥೆಯಲ್ಲಿ ಕಾಣಿಸಿಕೊಳ್ಳುವುದು.

ಇಷ್ಟು ಕಾಲ ಕೈಯಲ್ಲಾಡಿದ ಬೀಜವು ಘೋರವಾದ ವಿಷವೆಂಬುದು ನಮ್ಮವರಿಗೆ ತಿಳಿಯದಿರಲಿಲ್ಲ. ಆಯುರ್ವೇದದ ರಸಗ್ರಂಥಗಳು ಗುಂಜೆಯನ್ನು ಉಪವಿಷಗಳಲ್ಲಿ ಸೇರಿಸಿ, ಅದನ್ನು ಹಾಲಿನಲ್ಲಿಯೋ ಕಾಂಜಿಯಲ್ಲಿಯೋ ಬೇಯಿಸಿ ಶೋಧಿಸಿದ ಹೊರತು ಔಷಧಕ್ಕೆ ಬಳಸಲಾಗದೆಂದು ವಿಧಿಸಿವೆ. ಈ ವಿಧಿಗೆ ಈಗಿನ ರಸಾಯನಶಾಸ್ತ್ರದಲ್ಲಿ ಆಧಾರವುಂಟು: ಬೀಜದ ವಿಷವು ಒಂದು ಪ್ರೋಟೀನು; ಕುದಿಯುವ ಶಾಖದಲ್ಲಿ ಪ್ರೋಟೀನಿನ ಮಡಿಕೆಗಳು ಬಿಚ್ಚಿಹೋಗಿ ಅದರ ಶಕ್ತಿಯು ನಾಶವಾಗುತ್ತದೆ. ಗಟ್ಟಿಯಾದ ಸಿಪ್ಪೆಯಿರುವುದರಿಂದ ಇಡಿಯ ಬೀಜವು ಅನೇಕವೇಳೆ ಜೀರ್ಣವಾಗದೆಯೇ ಹೊರಬೀಳುವುದು. ಸಿಪ್ಪೆಯೊಡೆದ ಬೀಜದ ಮಾತು ಬೇರೆ. ಅಕ್ಕಸಾಲಿಗನು ನಿರ್ಭಯನಾಗಿ ಅದನ್ನು ತಕ್ಕಡಿಗೆ ಹಾಕುತ್ತಿದ್ದುದಕ್ಕೂ, ದನವೊಂದು ಅದರಿಂದ ಸಾಯಬಹುದಾಗಿದ್ದುದಕ್ಕೂ ನಡುವೆ ಇದ್ದದ್ದು ಆ ಸಿಪ್ಪೆಯೊಂದೇ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಉತ್ತರ ಹಿಂದೂಸ್ಥಾನದ ಪೋಲೀಸು ಮತ್ತು ಕಂದಾಯದ ದಾಖಲೆಗಳಲ್ಲಿ ದನಗಳಿಗೆ ವಿಷವಿಕ್ಕುವ ಅಪರಾಧವು ಮತ್ತೆ ಮತ್ತೆ ಪ್ರಸ್ತಾಪಿತವಾಗಿದೆ. ಗುಲಗಂಜಿಯಿಂದ ಮಾಡಿದ ಸಣ್ಣ ಮುಳ್ಳನ್ನು ದನದ ಚರ್ಮದೊಳಕ್ಕೆ ಚುಚ್ಚುತ್ತಿದ್ದರೆಂದೂ, ಸತ್ತ ದನದ ತೊಗಲು ತಮಗೆ ಸಲ್ಲುವುದರಿಂದ ಚರ್ಮದ ಕಸುಬಿನವರೇ ಈ ಕೆಲಸವನ್ನು ಮಾಡುತ್ತಿದ್ದರೆಂದೂ ಅಧಿಕಾರಿಗಳು ಬರೆದಿಟ್ಟರು. ಅಂಥ ಕೃತ್ಯಗಳು ಕೆಲವು ನಡೆದಿರಬಹುದು. ಆದರೆ ಒಂದು ಇಡಿಯ ಜಾತಿಯನ್ನೇ ವಿಷವಿಕ್ಕುವವರ ಜಾತಿಯೆಂದು ಬರೆದುದಕ್ಕೆ ಆಧಾರವು ಎಷ್ಟಿದ್ದಿತು? ಅದೇ ಕಾಲದಲ್ಲಿ ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗವೂ ನೆರಡಿ ಮೊದಲಾದ ಇತರ ಜಾಡ್ಯಗಳೂ ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದುವು. ಇವುಗಳ ವಿಚಾರಣೆಗೆಂದೇ ಸರ್ಕಾರವು ನೇಮಿಸಿದ ಸಮಿತಿಯೊಂದು ೧೮೭೧ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಜಾಡ್ಯದಿಂದ ಸತ್ತ ದನಗಳೂ ವಿಷದ ಲೆಕ್ಕಕ್ಕೆ ಸೇರಿದುವೆಂದು ಇತ್ತೀಚಿನ ಚರಿತ್ರಕಾರರು ತೋರಿಸಿರುವರು.

ಇಂಥ ಸಂದೇಹವು ಬಗೆಹರಿಯದೆ ಉಳಿದುದಕ್ಕೆ ಒಂದು ಶಾಸ್ತ್ರೀಯ ಕಾರಣವೂ ಇದ್ದಿತು. ಪಾಷಾಣವನ್ನು ಕಂಡುಹಿಡಿಯುವುದಕ್ಕೆ ೧೮೩೬ರಲ್ಲಿಯೇ ಮಾರ್ಷನ ಪರೀಕ್ಷೆಯು ಪ್ರಕಟವಾಗಿದ್ದಿತು. ಸತ್ತ ಪ್ರಾಣಿಯ ಜಠರದಿಂದ ಅದನ್ನು ತೆಗೆದು ನ್ಯಾಯಾಧೀಶರ ಮುಂದೆ ಇಡಬಹುದಾಗಿದ್ದಿತು. ಗುಲಗಂಜಿಯ ವಿಷವಾದರೋ ಲೋಹವಲ್ಲ, ಕ್ಷಾರವಲ್ಲ. ಮೊಟ್ಟೆಯ ಬಿಳಿಯ ಜಾತಿಗೆ ಸೇರಿದ ವಸ್ತು. ಮಾಂಸದ ಪ್ರೋಟೀನುಗಳ ನಡುವೆ ವಿಷದ ಪ್ರೋಟೀನನ್ನು ಆರಿಸಿ ತೋರಿಸುವ ಬಣ್ಣವಾಗಲಿ ಒತ್ತರವಾಗಲಿ ಆಗಿನ ರಸಾಯನಜ್ಞರಲ್ಲಿ ಇರಲಿಲ್ಲ. ಗುರುತಿಸುವ ಉಪಾಯವಿಲ್ಲದ ಕಡೆ ಜಾತಿಯೇ ಸಾಕ್ಷ್ಯವಾಯಿತು. ಪರೀಕ್ಷೆಯೊಂದರ ಅಭಾವವು ಎಷ್ಟು ಜನರಿಗೆ ಕಳಂಕವನ್ನು ತರಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ವಿಷದ ಸ್ವರೂಪವು ಹೊರಪಟ್ಟುದೂ ನಮ್ಮ ದೇಶದಲ್ಲಿಯೇ. ೧೮೮೨ರಲ್ಲಿ ಪ್ಯಾರಿಸಿನ ನೇತ್ರವೈದ್ಯನಾದ ದ ವೆಕರನು ಗುಲಗಂಜಿಯ ಕಷಾಯವನ್ನು ಕಣ್ಣಿನ ರೆಪ್ಪೆಯ ಜಾಡ್ಯಕ್ಕೆ ಬಳಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದನು. ಕಷಾಯದಿಂದ ಕಣ್ಣು ಉರಿಯೇಳುವುದಕ್ಕೆ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಯೇ ಕಾರಣವೆಂದು ಕೆಲವರು ವಾದಿಸಿದರು. ಕಲ್ಕತ್ತೆಯಲ್ಲಿದ್ದ ವಾರ್ಡನ್ ಮತ್ತು ವ್ಯಾಡೆಲ್ ಎಂಬ ಇಬ್ಬರು ವಿದ್ವಾಂಸರು ೧೮೮೪ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವಾದವನ್ನು ಖಂಡಿಸಿ, ವಿಷವು ಜೀವಿಯಲ್ಲ, ಬೀಜದಲ್ಲಿಯೇ ಇರುವ ಪ್ರೋಟೀನೆಂದು ಸ್ಥಾಪಿಸಿ, ಅದಕ್ಕೆ ಅಬ್ರಿನ್ ಎಂದು ಹೆಸರಿಟ್ಟರು. ಸಸ್ಯಶಾಸ್ತ್ರದಲ್ಲಿ ಗುಲಗಂಜಿಗೆ ಅಬ್ರಸ್ ಪ್ರಿಕಟೋರಿಯಸ್ ಎಂದು ಹೆಸರು. ಈ ಇಬ್ಬರಲ್ಲಿ ವ್ಯಾಡೆಲನು ಟಿಬೆಟ್ಟಿನ ಬೌದ್ಧಧರ್ಮದ ವಿಷಯದಲ್ಲಿ ಬರೆದ ಗ್ರಂಥದಿಂದ ನಮ್ಮ ಓದುಗರಲ್ಲಿ ಕೆಲವರಿಗೆ ಪರಿಚಿತನಾಗಿರಬಹುದು.

ಇನ್ನು ಬರ್ಲಿನ್ನಿಗೆ ಬರೋಣ. ೧೮೯೦ರ ಡಿಸೆಂಬರಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬುವರು, ಧನುರ್ವಾಯುವಿನ ವಿಷಕ್ಕೆ ಒಗ್ಗಿಸಿದ ಪ್ರಾಣಿಯ ರಕ್ತರಸದಲ್ಲಿ ಆ ವಿಷವನ್ನು ಮುರಿಯುವ ಗುಣವಿರುವುದನ್ನು ಪ್ರಕಟಿಸಿದ್ದರು. ಪಾಲ್ ಎರ್ಲಿಖನು ಇದೇ ಪ್ರಶ್ನೆಯನ್ನು ರೋಗಾಣುಗಳ ವಿಷದಿಂದ ಬಿಡಿಸಿ, ಗಿಡಗಳ ವಿಷಕ್ಕೆ ತಂದನು. ಅವನು ಆರಿಸಿಕೊಂಡ ವಿಷಗಳು ಎರಡು: ಹರಳಿನ ಬೀಜದ ರಿಸಿನ್, ಗುಲಗಂಜಿಯ ಅಬ್ರಿನ್. ಮೊದಲು ಅತ್ಯಲ್ಪವಾದ ವಿಷವನ್ನು ತಿನಿಸಿನಲ್ಲಿ ಬೆರಸಿ ಇಲಿಗಳಿಗೆ ಕೊಟ್ಟು, ಕ್ರಮಕ್ರಮವಾಗಿ ಪ್ರಮಾಣವನ್ನು ಹೆಚ್ಚಿಸುತ್ತ ಹೋದನು. ಕೆಲವು ವಾರಗಳಲ್ಲಿ ಆ ಇಲಿಗಳು, ಹೊಸ ಇಲಿಯನ್ನು ಕೂಡಲೇ ಕೊಲ್ಲತಕ್ಕ ಪ್ರಮಾಣವನ್ನೂ ತಾಳಿಕೊಂಡುವು. ಈ ಎರಡು ವಿಷಗಳೂ ಪ್ರಾಣಿಯ ಮೇಲೆ ತೋರಿಸುವ ಪರಿಣಾಮಗಳು ಬಹಳ ಮಟ್ಟಿಗೆ ಒಂದೇ. ರಸಾಯನದ ದೃಷ್ಟಿಯಿಂದಲೂ ಇವುಗಳನ್ನು ಬೇರೆಮಾಡುವುದು ಆಗ ಕಷ್ಟವಾಗಿದ್ದಿತು. ಹೀಗಿರಲಾಗಿ, ರಿಸಿನ್ನಿಗೆ ಒಗ್ಗಿದ ಇಲಿಯು ಅಬ್ರಿನ್ನಿಗೆ ಬಲಿಯಾಯಿತು. ಅಬ್ರಿನ್ನಿಗೆ ಒಗ್ಗಿದುದು ರಿಸಿನ್ನಿಗೆ ಬಲಿಯಾಯಿತು.

ಇದರಿಂದ ಎರ್ಲಿಖನು ಮಾಡಿದ ಅನುಮಾನವೇ ಈ ಚರಿತ್ರೆಯ ತಿರುಳು. ಎರಡು ವಸ್ತುಗಳು ದೇಹದಲ್ಲಿ ಬೇರೆ ಬೇರೆ ಪ್ರತಿವಸ್ತುಗಳನ್ನು ಹುಟ್ಟಿಸುವುವಾದರೆ ಆ ವಸ್ತುಗಳೂ ತಮ್ಮಲ್ಲಿ ಬೇರೆ ಬೇರೆಯೇ ಆಗಿರತಕ್ಕದ್ದು ಎಂದು ಅವನು ೧೮೯೧ರ ಅಕ್ಟೋಬರಿನ ತನ್ನ ಲೇಖನದ ಮುಕ್ತಾಯದಲ್ಲಿ ಬರೆದನು. ‘ಆಂಟಿಕ್ಯೋರ್ಪರ್’ ಎಂಬ ಜರ್ಮನ್ ಪದವು ಕಾಣಿಸಿಕೊಳ್ಳುವುದು ಅಲ್ಲಿಯೇ. ಆ ವಾಕ್ಯದ ತರ್ಕವನ್ನು ಗಮನಿಸಬೇಕು. ಅದು ಮದ್ದಿನ ಮಾತಲ್ಲ, ಗುರುತಿನ ಮಾತು. ಕಣ್ಣಿಗೂ ರಸಾಯನಕ್ಕೂ ಒಂದೇ ಎಂದು ಕಾಣುವ ಎರಡು ವಿಷಗಳನ್ನು, ಪ್ರತಿಕಾಯಗಳನ್ನು ಸಾಕ್ಷಿಗೆ ಕರೆದು, ಬೇರೆಯೆಂದು ತೀರ್ಮಾನಿಸಿದ ನ್ಯಾಯನಿರ್ಣಯವದು.

ಪದದ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕಾಗಿದೆ. ‘ಕ್ಯೋರ್ಪರ್’ ಎಂದರೆ ಜರ್ಮನ್ ಭಾಷೆಯಲ್ಲಿ ಶರೀರವೆಂದರ್ಥ; ಆದರೆ ಆ ಕಾಲದ ಜರ್ಮನ್ ರಸಾಯನಜ್ಞರು ಅದನ್ನು ಯಾವುದೇ ಪದಾರ್ಥಕ್ಕೂ ಬಳಸುತ್ತಿದ್ದರು. ಆಂಗ್ಲರು ಅದನ್ನು ‘ಆಂಟಿಬಾಡಿ’ ಎಂದರು. ನಾವು ಆಂಗ್ಲಪದವನ್ನು ನೋಡಿ ‘ಪ್ರತಿಕಾಯ’ ಎಂದೆವು. ಕನ್ನಡದಲ್ಲಿ ಕಾಯವೆಂದೊಡನೆ ದೇಹವೇ ಮನಸ್ಸಿಗೆ ಬರುವುದರಿಂದ, ದೇಹಕ್ಕೆ ವಿರುದ್ಧವಾದುದೋ ದೇಹದ ಪ್ರತಿರೂಪವೋ ಎಂದು ವಿದ್ಯಾರ್ಥಿಯು ಭ್ರಮಿಸುವುದುಂಟು. ಇಲ್ಲಿ ಕಾಯವೆಂದರೆ ವಸ್ತು. ಪ್ರತಿಕಾಯವೆಂದರೆ ಒಂದು ವಸ್ತುವಿಗೆ ಎದುರಾಗಿ ನಿಲ್ಲುವ ಮತ್ತೊಂದು ವಸ್ತು. ಪದವನ್ನು ಬದಲಾಯಿಸಬೇಕೆಂದು ನಾವು ಹೇಳುವುದಿಲ್ಲ. ಅದರ ಅರ್ಥವನ್ನು ಮೂಲದಿಂದ ವಿವರಿಸಿದರೆ ಸಾಕು.

ಎರ್ಲಿಖನು ೧೮೯೭ರಲ್ಲಿ ಈ ಸಾಕ್ಷಿಯನ್ನು ಪ್ರಾಣಿಯ ದೇಹದಿಂದ ಗಾಜಿನ ನಳಿಗೆಗೆ ಇಳಿಸಿದನು. ರಿಸಿನ್ ರಕ್ತದ ಕಣಗಳನ್ನು ಗುಂಪುಗಟ್ಟಿಸುತ್ತದೆ. ಪ್ರತಿಕಾಯವಿರುವ ರಕ್ತರಸವನ್ನು ಸೇರಿಸಿದರೆ ಗುಂಪುಗಟ್ಟುವುದು ನಿಲ್ಲುತ್ತದೆ. ಇದಕ್ಕೆ ಒಂದು ವರ್ಷ ಮುಂಚೆ, ೧೮೯೬ರಲ್ಲಿ, ವಿಡಾಲನು ವಿಷಮಶೀತಜ್ವರದ ರೋಗಿಯ ರಕ್ತರಸವು ಆ ಜ್ವರದ ಅಣುಗಳನ್ನು ಗುಂಪುಗೂಡಿಸುವುದನ್ನು ನೋಡಿ ರೋಗನಿರ್ಣಯಕ್ಕೆ ಬಳಸಿದ್ದನು. ಜ್ವರದಿಂದ ಮಲಗಿದವರ ಮನೆಗಳಲ್ಲಿ ಇಂದಿಗೂ ಕೇಳಿಬರುವ ‘ವಿಡಾಲ್ ಪರೀಕ್ಷೆ’ ಇದೇ. ವಿಡಾಲನದರಲ್ಲಿ ತಿಳಿದ ಅಣುವಿನಿಂದ ತಿಳಿಯದ ಪ್ರತಿಕಾಯವನ್ನು ಹುಡುಕುವುದು. ಮುಂದೆ ಬೆಳೆದ ಪರೀಕ್ಷೆಗಳಲ್ಲಿ ತಿಳಿದ ಪ್ರತಿಕಾಯದಿಂದ ತಿಳಿಯದ ವಸ್ತುವನ್ನು ಹುಡುಕುವುದು. ಎರಡಕ್ಕೂ ತಳಹದಿಯು ಒಂದೇ: ಪ್ರತಿಕಾಯವು ತನ್ನ ಜೋಡಿಯನ್ನಲ್ಲದೆ ಬೇರೊಂದನ್ನು ಸುಲಭವಾಗಿ ಹಿಡಿಯದು.

ಇದರಲ್ಲಿ ಒಂದು ಕೊರತೆಯಿದ್ದಿತು. ಪ್ರಾಣಿಯ ರಕ್ತರಸದಲ್ಲಿ ಇರುವುದು ಒಂದು ಪ್ರತಿಕಾಯವಲ್ಲ, ಹಲವು ಪ್ರತಿಕಾಯಗಳ ಸಂತೆ. ೧೯೭೫ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬುವರು, ಪ್ರತಿಕಾಯವನ್ನು ಉತ್ಪಾದಿಸುವ ಒಂದೇ ಜೀವಕೋಶವನ್ನು ಅರ್ಬುದದ ಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಕಾಲ ಕೊಡುವ ವಂಶವನ್ನು ಸೃಷ್ಟಿಸಿದರು. ಇದಕ್ಕೆ ಏಕಮೂಲ ಪ್ರತಿಕಾಯವೆಂದು ಹೆಸರು. ೧೯೭೧ರಲ್ಲಿ ಸ್ವೀಡನ್ನಿನಲ್ಲಿ ಪ್ರಕಟವಾಗಿದ್ದ ಎಲೈಸಾ ವಿಧಾನವು ಪ್ರತಿಕಾಯಕ್ಕೆ ಬಣ್ಣ ಬರಿಸುವ ಕಿಣ್ವವೊಂದನ್ನು ಕಟ್ಟಿ, ಅತಿ ಸೂಕ್ಷ್ಮವಾದ ಪ್ರಮಾಣವನ್ನೂ ಕಣ್ಣಿಗೆ ಕಾಣುವಂತೆ ಮಾಡಿದ್ದಿತು. ಮಾರ್ಷನು ಪಾಷಾಣಕ್ಕೆ ಒದಗಿಸಿದ್ದ ಸಾಕ್ಷಿಯು ಪ್ರೋಟೀನ್ ವಿಷಗಳಿಗೂ ಹೀಗೆ ಒದಗಿತು.

ಅಬ್ರಿನ್ ಕೊಲ್ಲುವ ಬಗೆಯೂ ಈ ಕಾಲದಲ್ಲಿಯೇ ತಿಳಿಯಬಂದಿತು. ಅದು ಎರಡು ಸರಪಣಿಗಳ ಜೋಡಿ. ಒಂದು ಸರಪಣಿಯು ಜೀವಕೋಶದ ಹೊರಮೈಯ ಸಕ್ಕರೆಗಳನ್ನು ಹಿಡಿದುಕೊಂಡು ಬಾಗಿಲು ತೆರೆಯುತ್ತದೆ. ‘ಎ’ ಎಂಬ ಮತ್ತೊಂದು ಒಳಹೊಕ್ಕು, ಪ್ರೋಟೀನುಗಳನ್ನು ಹೆಣೆಯುವ ರೈಬೋಸೋಮಿನಿಂದ ಒಂದೇ ಒಂದು ಅಡಿನೀನ್ ಕಣವನ್ನು ಕಿತ್ತುಹಾಕುತ್ತದೆ. ರಿಸಿನ್ ಮತ್ತು ಅಬ್ರಿನ್‌ಗಳ ಈ ಕೌಶಲವನ್ನು ಜಪಾನಿನ ಎಂಡೊ ಮತ್ತು ಅವನ ಸಂಗಡಿಗರು ೧೯೮೭ರಲ್ಲಿ ಬಯಲಿಗೆ ತಂದರು. ಮಗ್ಗವು ನಿಂತರೆ ನೇಯ್ಗೆಯು ನಿಲ್ಲುವಂತೆ ಕೋಶದಲ್ಲಿ ಪ್ರೋಟೀನಿನ ಉತ್ಪತ್ತಿಯು ನಿಲ್ಲುವುದು.

ಆದರೆ ನೇಯ್ಗೆ ನಿಂತುದರಿಂದಲೇ ಕೋಶವು ಸಾಯುವುದೋ, ಅಥವಾ ಅದು ತನ್ನ ಸಾವನ್ನು ತಾನೇ ನಡೆಯಿಸಿಕೊಳ್ಳುವುದೋ? ೧೯೭೨ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು, ಜೀವಕೋಶಗಳಿಗೆ ಕ್ರಮಬದ್ಧವಾದ ಸ್ವಯಂಮರಣವೊಂದು ಉಂಟೆಂದು ಪ್ರತಿಪಾದಿಸಿ, ಅದನ್ನು ಅಪಾಪ್ಟೋಸಿಸ್ ಎಂದು ಕರೆದರು. ಮರದಿಂದ ಎಲೆಯೂ ಹೂವಿನಿಂದ ದಳವೂ ಉದುರುವುದನ್ನು ಹೇಳುವ ಈ ಗ್ರೀಕ್ ಪದವನ್ನು ಅವರಿಗೆ ಸೂಚಿಸಿದವನು ಅಬರ್ಡೀನ್ ವಿಶ್ವವಿದ್ಯಾನಿಲಯದ ಗ್ರೀಕ್ ಭಾಷಾಧ್ಯಾಪಕನಾದ ಕಾರ್ಮ್ಯಾಕ್. ಶಾಸ್ತ್ರಜ್ಞರು ಭಾಷಾಧ್ಯಾಪಕರ ಬಾಗಿಲನ್ನು ತಟ್ಟಿದ ಈ ಪ್ರಸಂಗವು ನಮ್ಮ ಓದುಗರಿಗೆ ಪ್ರಿಯವಾಗದಿರಲಾರದು.

ಮೇಲಿನ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಪರಿಶೋಧನೆಗಳಲ್ಲಿ ಮುಖ್ಯವಾದುದೊಂದು ಬೆಂಗಳೂರಿನದು. ದಂಡಿನ ವಾಯವ್ಯಕ್ಕೆ, ಮಲ್ಲೇಶ್ವರದಾಚೆ, ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀರಾಮ ನಾರಾಯಣನ್, ಅವಧೇಶ ಸುರೋಲಿಯಾ, ಅಂಜಲಿ ಕಾರಂದೆ ಎಂಬುವರು ೨೦೦೪ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಾನವ ರಕ್ತಾರ್ಬುದದ ಕೋಶಗಳ ಮೇಲೆ ಅಬ್ರಿನ್ನಿನ ಪರಿಣಾಮವನ್ನು ಪರಿಶೀಲಿಸಿರುವರು. ಅಬ್ರಿನ್ ತಗಲಿದ ಕೋಶದಲ್ಲಿ ಮೈಟೊಕಾಂಡ್ರಿಯಗಳು ಕೆಡುತ್ತವೆ. ಕ್ಯಾಸ್ಪೇಸ್ ಎಂಬ ಕತ್ತರಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಕೊನೆಗೆ ಡಿಎನ್‌ಎ ತುಂಡುತುಂಡಾಗುತ್ತದೆ. ಅಂದರೆ ಅಬ್ರಿನ್ ಕೋಶವನ್ನು ಹೊರಗಿನಿಂದ ಒಡೆಯುವುದಿಲ್ಲ; ಒಳಗಿರುವ ಮರಣಕ್ರಮವನ್ನು ಪ್ರಚೋದಿಸಿ ಎಲೆಯಂತೆ ಉದುರಿಸುತ್ತದೆ.

ಗುಲಗಂಜಿಯೊಳಗೇ ಅಬ್ರಿನ್ನನ್ನು ಬಹಳವಾಗಿ ಹೋಲುವ, ಆದರೆ ವಿಷವು ಅದಕ್ಕಿಂತ ಬಹಳ ಕಡಮೆಯಾದ, ಅಗ್ಲುಟಿನಿನ್ ಎಂಬ ಸೋದರ ಪ್ರೋಟೀನು ಉಂಟು. ಅದೇ ಸಂಸ್ಥೆಯ ಪರಿಶೋಧಕರು ೨೦೦೬ರಲ್ಲಿ ಅದರ ಹರಳಿನ ರಚನೆಯನ್ನು ಬಿಡಿಸಿ, ಒಂದು ಸ್ಥಾನದಲ್ಲಿ ಆಸ್ಪರಜೀನಿಗೆ ಬದಲಾಗಿ ಪ್ರೋಲೀನ್ ಕುಳಿತಿರುವುದು ಈ ಭೇದಕ್ಕೆ ಕಾರಣವೆಂದು ಸೂಚಿಸಿದರು. ಒಂದೇ ಬೀಜದಲ್ಲಿ ಒಂದೇ ಮುಖದ ಇಬ್ಬರು. ಒಬ್ಬನು ಘಾತಕ, ಮತ್ತೊಬ್ಬನು ಬಹುಮಟ್ಟಿಗೆ ಸಾಧು. ಮುಖವನ್ನು ನೋಡಿ ಅಪರಾಧವನ್ನು ಹೊರಿಸಲಾಗದೆಂಬುದಕ್ಕೆ ಪ್ರಕೃತಿಯೇ ಒದಗಿಸಿದ ಉದಾಹರಣೆಯಿದು.

೨೦೦೮ರಲ್ಲಿ ಸುರೇಂದ್ರನಾಥ್ ಮತ್ತು ಕಾರಂದೆ ಎಂಬುವರು ಅಬ್ರಿನ್ನಿನ ‘ಎ’ ಸರಪಣಿಯನ್ನು ಗುರುತಿಸುವ ಒಂದು ಏಕಮೂಲ ಪ್ರತಿಕಾಯವನ್ನು ವರ್ಣಿಸಿದರು. ಅದಕ್ಕೆ ‘ಡಿ ೬ ಎಫ್ ೧೦’ ಎಂದು ಪ್ರಯೋಗಶಾಲೆಯ ಹೆಸರು. ಅದು ಅಬ್ರಿನ್ನನ್ನು ಹಿಡಿಯುವುದು ಮಾತ್ರವಲ್ಲದೆ, ಕೋಶದ ಮೇಲ್ಮೈಗೆ ವಿಷವು ಅಂಟದಂತೆ ಅಡ್ಡಿಮಾಡಿ, ಸಾಕಿದ ಜೀವಕೋಶಗಳನ್ನೂ ಇಲಿಗಳನ್ನೂ ಸಾವಿನಿಂದ ಉಳಿಸಿತು. ಮನುಷ್ಯರಿಗೆ ಕೊಡತಕ್ಕ ಅಂಗೀಕೃತವಾದ ಪ್ರತಿವಿಷವು ಅಬ್ರಿನ್ನಿಗೆ ಈವರೆಗೂ ಇಲ್ಲ. ಆದುದರಿಂದ ಇಲಿಯಲ್ಲಿ ದೊರೆತ ಫಲವನ್ನು ಮದ್ದೆಂದು ಹೇಳಿಕೊಳ್ಳುವುದು ಸಲ್ಲದು. ಆದರೆ 'ಇದು ಅಬ್ರಿನ್' ಎಂದು ಬೆರಳಿಟ್ಟು ತೋರಿಸಬಲ್ಲ ಸಾಕ್ಷಿಯೊಂದು ಗುಲಗಂಜಿಯ ನಾಡಿನಲ್ಲಿಯೇ ಸಿದ್ಧವಾಯಿತೆಂದು ಹೇಳುವುದರಲ್ಲಿ ಅತಿಶಯೋಕ್ತಿಯಿಲ್ಲ.

ಪ್ರತಿಕಾಯದ ರಕ್ಷಕಗುಣವನ್ನು ಬೆಂಗಳೂರು ಮೊದಲೇ ಬಲ್ಲುದಾಗಿದ್ದಿತು. ೧೯೨೦ರ ದಶಕದಲ್ಲಿ ಹೆಬ್ಬಾಳದಲ್ಲಿ ನೆಲೆಗೊಂಡ ಮೈಸೂರು ಸೀರಮ್ ಸಂಸ್ಥೆಯು ದನಗಳ ದೊಡ್ಡರೋಗದ ವಿರುದ್ಧ ಕೆಲಸಮಾಡಿತು. ಆ ರೋಗವು ಭೂಮಿಯಿಂದಲೇ ನಿರ್ಮೂಲವಾಯಿತೆಂದು ೨೦೧೧ರಲ್ಲಿ ಘೋಷಿತವಾಯಿತು. ಒಂದು ಕಾಲದಲ್ಲಿ ದೊಡ್ಡರೋಗದಿಂದ ಸತ್ತ ದನದ ಸಾವನ್ನು ಗುಲಗಂಜಿಯ ಮೇಲೂ, ಗುಲಗಂಜಿಯ ಮೂಲಕ ಒಂದು ಜನಾಂಗದ ಮೇಲೂ ಹೊರಿಸಲಾಗಿದ್ದಿತು. ಈಗ ಆ ರೋಗವಿಲ್ಲ. ಆ ವಿಷವನ್ನು ಗುರುತಿಸುವ ಉಪಾಯವು ಇದೆ. ಆದರೆ ದಾಖಲೆಗಳಲ್ಲಿ ಬರೆದ ಕಳಂಕವು ಅಳಿಸಿಲ್ಲ. ಅದನ್ನು ಓದುವ ಚರಿತ್ರಕಾರನು, ಬರೆದವರ ಕೈಯಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲವೆಂಬುದನ್ನು ಮರೆಯಬಾರದು.

ಮೇಲಣ ವಿಷಯಗಳಿಂದ, ಪ್ರತಿಕಾಯವು ನಮ್ಮದೇ ಶೋಧನೆಯೆಂದು ಹೇಳಿಕೊಳ್ಳುವುದು ಯುಕ್ತವಲ್ಲ. ಬೀಜವು ನಮ್ಮದು, ಅದರ ವಿಷವನ್ನು ಅರಿತು ಶೋಧಿಸುವ ಕ್ರಮವೂ ನಮ್ಮ ಹಿರಿಯರದು, ಪ್ರತಿಕಾಯವೆಂಬ ಭಾವನೆಯು ಎರ್ಲಿಖನದು, ಅಬ್ರಿನ್ನಿನಿಂದ ಕೋಶವು ಸಾಯುವ ಬಗೆಯನ್ನೂ ಅದನ್ನು ಹಿಡಿಯುವ ಪ್ರತಿಕಾಯವನ್ನೂ ಪರಿಶೀಲಿಸಿದ ಯಶಸ್ಸಿನಲ್ಲಿ ಒಂದು ಪಾಲು ಬೆಂಗಳೂರಿನದು. ಯಾರ ಪಾಲು ಯಾವುದೆಂದು ವಿಂಗಡಿಸಿ ಹೇಳುವುದೇ ಚರಿತ್ರೆಯ ಕೆಲಸ. ಅಕ್ಕಸಾಲಿಗನು ಗುಲಗಂಜಿಯಿಂದ ಮಾಡುತ್ತಿದ್ದುದೂ, ಪ್ರತಿಕಾಯವು ಗುಲಗಂಜಿಯ ವಿಷಯದಲ್ಲಿ ಮಾಡುವುದೂ ಇದೇ: ಇದ್ದುದನ್ನು ಇದ್ದಷ್ಟೇ ತೂಗಿ ಹೇಳುವುದು.